ಎಥನಾಲ್ ಬೆರೆಸಿದರೂ ಪೆಟ್ರೋಲ್ ಯಾಕೆ ಅಗ್ಗವಾಗಲಿಲ್ಲ?

ಪ್ರಶ್ನೆ: ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥನಾಲ್. ಅದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬರುವ ಅಗ್ಗದ ಮಾಲು. ಹಾಗಿದ್ದರೂ ಲೀಟರಿಗೆ ಅದೇ ನೂರು ದಾಟಿದ ರೇಟು. ನಡುವಿನ ದುಡ್ಡು ಯಾರ ಜೇಬಿಗೆ ಹೋಗ್ತಿದೆ?

ಉತ್ತರ: ಮತ್ತೆ ಬಂತು! ಒಂದೊಂದು ಸಲ ಒಂದೊಂದು ವೇಷದಲ್ಲಿ ಬರುತ್ತದೆ, ಒಳಗಿನ ಮಾತು ಮಾತ್ರ ಒಂದೇ: ಎಥನಾಲ್ ಅಗ್ಗ. ಅಗ್ಗ ಅಂತ ನಿಮಗೆ ಹೇಳಿದ್ದು ಯಾರು? ಒಂದು ಸಲ ಲೆಕ್ಕ ಹಾಕಿಯೇ ಬಿಡೋಣ, ಬನ್ನಿ.

ಮೊದಲು ಒಂದು ಶರತ್ತು. ಬಂಕಿನ ರೇಟಿನ ಪಕ್ಕದಲ್ಲಿ ಎಥನಾಲಿನ ಖರೀದಿ ದರ ಇಟ್ಟು ನೋಡಬೇಡಿ. ಬಂಕಿನ ರೇಟಿನಲ್ಲಿ ತೆರಿಗೆಯದ್ದೂ ದೊಡ್ಡ ಪಾಲಿದೆ. 2025ರ ಮಧ್ಯದ ದೆಹಲಿ ಬಿಲ್ ತೆಗೆದುಕೊಳ್ಳಿ. ಗ್ರಾಹಕ ಕೊಡುತ್ತಿದ್ದದ್ದು 94.77 ರೂಪಾಯಿ. ಅದರಲ್ಲಿ ಕೇಂದ್ರದ ಅಬಕಾರಿ ಸುಂಕ 21.90, ರಾಜ್ಯದ ವ್ಯಾಟ್ 15 ಚಿಲ್ಲರೆ, ಡೀಲರ್ ಕಮಿಷನ್ 4 ಚಿಲ್ಲರೆ. ಮಾಲಿನ ಬೆಲೆ ಅಂತ ಉಳಿದದ್ದು ಸುಮಾರು 53 ರೂಪಾಯಿ. ನಮ್ಮಲ್ಲಿ ಮಾರಾಟ ತೆರಿಗೆ ಶೇ 29.84 ಆದ್ದರಿಂದ ಬೆಂಗಳೂರಿನ ರೇಟು 102 ದಾಟಿತ್ತು. ಮಾಲಿನ ಬೆಲೆ ಹೆಚ್ಚುಕಮ್ಮಿ ಅಷ್ಟೇ.

ಈಗ ಎಥನಾಲ್. 2024-25ರ ಸಾಲಿಗೆ ನಿಗದಿಯಾದ ದರಗಳು ಹೀಗಿದ್ದವು. ಸಕ್ಕರೆಯೆಲ್ಲ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಮಾಡಿದ್ದಕ್ಕೆ ಲೀಟರಿಗೆ 57.97 ರೂಪಾಯಿ. ಸಕ್ಕರೆ ಅಂಶ ಜಾಸ್ತಿ ಇರುವ ಕಾಕಂಬಿಯಿಂದಾದರೆ 60.73. ನೇರವಾಗಿ ಕಬ್ಬಿನ ಹಾಲಿನಿಂದ ಆದರೆ 65.61. ಮೆಕ್ಕೆಜೋಳದ್ದು 71.86. ಎಲ್ಲಕ್ಕಿಂತ ಅಗ್ಗದ್ದೇ 53ಕ್ಕಿಂತ ಮೇಲಿದೆ, ಅಲ್ವಾ? ಸಾಗಣೆ, ಜಿಎಸ್‌ಟಿ ಎಲ್ಲ ಸೇರಿಸಿ ಸರಾಸರಿ 71.32 ರೂಪಾಯಿ ಬೀಳುತ್ತದೆ ಎಂದು 2025ರ ಜುಲೈ ಕೊನೆಯ ಲೆಕ್ಕವನ್ನು ಪೆಟ್ರೋಲಿಯಂ ಸಚಿವಾಲಯವೇ ಕೊಟ್ಟಿತು. ತುಟ್ಟಿಯ ಮಾಲನ್ನು ಬೆರೆಸಿ ಅಗ್ಗಕ್ಕೆ ಮಾರಿ ಅಂದರೆ ಹೇಗೆ?

"ಆದರೆ ಕಾಕಂಬಿ ಅಂದ್ರೆ ವೇಸ್ಟ್ ತಾನೆ?" ಇದೇ ಆ ಹಠಮಾರಿ ಕಲ್ಪನೆಯ ಬೇರು. ಒಂದು ಟನ್ ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಬರುವುದು ಸುಮಾರು ಹತ್ತು ಲೀಟರ್ ಎಥನಾಲ್. ದೇಶಕ್ಕೆ ವರ್ಷಕ್ಕೆ ಬೇಕಾದದ್ದು ಸಾವಿರ ಕೋಟಿ ಲೀಟರಿಗೂ ಹೆಚ್ಚು. ಇರುವ ಕಾಕಂಬಿಯನ್ನೆಲ್ಲ ಇದಕ್ಕೇ ಸುರಿದರೂ ಸಾಲುವುದಿಲ್ಲ, ಜೊತೆಗೆ ಮದ್ಯದವರಿಗೂ ಅದೇ ಕಾಕಂಬಿ ಬೇಕು. ಹಾಗಾಗಿ ಕಬ್ಬಿನ ಹಾಲಿಗೇ ಕೈ ಹಾಕಬೇಕು. ಆಗ ಟನ್ನಿಗೆ 70 ಲೀಟರ್ ಸಿಗುತ್ತದೆ, ಸಕ್ಕರೆ ಮಾತ್ರ ಸಿಗುವುದಿಲ್ಲ. 2025-26ರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಬೇಕಾದ ಕನಿಷ್ಠ ದರ ಎಂದು ಕೇಂದ್ರ ನಿಗದಿ ಮಾಡಿದ್ದು, ಟನ್ನಿಗೆ 3,550 ರೂಪಾಯಿ. ಎಪ್ಪತ್ತರಿಂದ ಭಾಗಿಸಿ: ಲೀಟರಿಗೆ 50 ರೂಪಾಯಿ ಬರೀ ಕಬ್ಬಿನದ್ದೇ ಆಯಿತು. ಮೆಕ್ಕೆಜೋಳ ಕ್ವಿಂಟಲಿಗೆ ಸುಮಾರು 38 ಲೀಟರ್ ಕೊಡುತ್ತದೆ. 2025-26ರ 2,400 ರೂಪಾಯಿಯ ಬೆಂಬಲ ಬೆಲೆಗೆ ಕೊಂಡರೆ ಕಾಳಿಗೇ ಲೀಟರಿಗೆ 63. ಉಳಿಯುವ ಹಿಂಡಿಯನ್ನು ಮೇವಿಗೆ ಮಾರಿದರೆ ಒಂದಿಷ್ಟು ವಾಪಸ್ ಬರುತ್ತದೆ, ನಿಜ. ಆದರೂ ಕುದಿಸಿ, ಹುಳಿ ಬರಿಸಿ, ಬಟ್ಟಿ ಇಳಿಸುವ ಖರ್ಚು ಇನ್ನೂ ಬಾಕಿ ಇದೆ. ಇದು ಕಸದಿಂದ ರಸ ಅಲ್ಲ ಸ್ವಾಮಿ, ಬೆಳೆಯಿಂದ ಬರುವ ಇಂಧನ. ಬೆಳೆಗೆ ಬೆಲೆ ಇದೆ.

ಈ ಲೆಕ್ಕ ಶಾಶ್ವತವೂ ಅಲ್ಲ. 2020-21ರಲ್ಲಿ ನೀತಿ ಆಯೋಗದ ವರದಿ ತಯಾರಾದಾಗ ಎಥನಾಲೇ ಅಗ್ಗವಾಗಿತ್ತು. ಎಥನಾಲ್ ಅಗ್ಗ ಅನ್ನುವ ನಿಮ್ಮ ಮಾತು ಆ ಕಾಲದ್ದು ಇರಬೇಕು. ಕಚ್ಚಾ ತೈಲ ಏರಿದರೆ ಎಥನಾಲ್ ಮತ್ತೆ ಅಗ್ಗ ಅನ್ನಿಸುತ್ತದೆ, ಇಳಿದರೆ ತುಟ್ಟಿ. ತೈಲದ ಬೆಲೆಯನ್ನು ಜಗತ್ತಿನ ಪೇಟೆ ನಿರ್ಧರಿಸುತ್ತದೆ. ಎಥನಾಲ್ ದರ ದೆಹಲಿಯಲ್ಲಿ ನಿಗದಿಯಾಗುತ್ತದೆ, ಕಬ್ಬು ಬೆಳೆಗಾರರ ಬಾಕಿಯನ್ನೂ ತೈಲ ಆಮದಿನ ಡಾಲರ್ ಖರ್ಚನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಇ20ಗೆ, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ, ಚಾಲನೆ ಕೊಟ್ಟರು. ಅದೇ ಡಿಸೆಂಬರಿನಲ್ಲಿ, ಲೋಕಸಭೆ ಚುನಾವಣೆಗೆ ಕೆಲವೇ ತಿಂಗಳಿದ್ದಾಗ, ಸಕ್ಕರೆ ಕಡಿಮೆಯಾದೀತು ಅಂತ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೇ ತಡೆ ಬಿತ್ತು. ಡಿಸ್ಟಿಲರಿಗೆ ಸಾಲ ಮಾಡಿ ಕೂತವರ ಪಾಡು ಹೇಗಿದ್ದಿರಬೇಕು ಊಹಿಸಿ.

ಹಾಗಾದರೆ ನಿಮ್ಮ ಸಿಟ್ಟು ಸುಳ್ಳೇ? ಅಲ್ಲ, ಅದು ತಪ್ಪು ಬಾಗಿಲು ತಟ್ಟುತ್ತಿದೆ, ಅಷ್ಟೇ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಇ20ಗೆ ಹೊಂದಿಸದ ಹಳೆಯ ಕಾರಿನ ಮೈಲೇಜ್ ಶೇ 6-7, ಬೈಕಿನದ್ದು ಶೇ 3-4 ಇಳಿಯಬಹುದು ಎಂದು ಅದೇ ನೀತಿ ಆಯೋಗ ಬರೆದಿತ್ತು. ಇದನ್ನು ತುಂಬಿಕೊಡಲು ಇ20 ದರ ಕಡಿಮೆ ಇರಲಿ ಅಂತಲೂ ಹೇಳಿತ್ತು. ಅದಾಗಲಿಲ್ಲ. ಎಥನಾಲ್ ಇಲ್ಲದ ಸಾದಾ ಪೆಟ್ರೋಲನ್ನೂ ಮಾರಿ ಎಂದು ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಬ್ರೆಜಿಲ್‌ನಲ್ಲೂ ಪೆಟ್ರೋಲಿಗೆ ಎಥನಾಲ್ ಬೆರೆತೇ ಬರುತ್ತದೆ, ಆದರೆ ಪಕ್ಕದ ಪಂಪಿನಲ್ಲಿ ಬರೀ ಎಥನಾಲೂ ಇರುತ್ತದೆ. ಅದರ ದರ ಪೆಟ್ರೋಲಿನ ಶೇ 70ಕ್ಕಿಂತ ಕೆಳಗಿದ್ದರೆ ಅದನ್ನೇ ಹಾಕಿಸುತ್ತಾರೆ, ಮೇಲಿದ್ದರೆ ಬಿಡುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಆ ಆಯ್ಕೆ ಇಲ್ಲ. ಕೇಳುವುದಾದರೆ ಇದನ್ನು ಕೇಳಿ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಇಷ್ಟು ದರ ಕೊಟ್ಟು ಕೊಳ್ಳುವ ಎಥನಾಲಿನಿಂದ ನಮ್ಮ ರೈತನಿಗೆ ಎಷ್ಟು ಸಿಕ್ಕಿತು? 2025ರ ನವೆಂಬರಿನಲ್ಲಿ ಬೆಳಗಾವಿ ಕಡೆ ಕಬ್ಬು ಬೆಳೆಗಾರರು ಕಟಾವು, ಸಾಗಣೆ ಖರ್ಚು ಕಳೆದು ಟನ್ನಿಗೆ 3,500 ಕೈಗೆ ಕೊಡಿ ಅಂತ ರಸ್ತೆಗಿಳಿದರು. ಕಾರ್ಖಾನೆಯವರು ನಮ್ಮ ಎಥನಾಲನ್ನೇ ಸರಿಯಾಗಿ ಕೊಳ್ಳುತ್ತಿಲ್ಲ ಅಂದರು. ಸುಳ್ಳೇನಲ್ಲ. 2025-26ಕ್ಕೆ ತೈಲ ಕಂಪನಿಗಳು ಹಂಚಿದ ಸುಮಾರು 1,048 ಕೋಟಿ ಲೀಟರಿನಲ್ಲಿ ಕಬ್ಬಿನ ಪಾಲು ಶೇ 28ರ ಆಸುಪಾಸು. ಶೇ 45ಕ್ಕೂ ಹೆಚ್ಚು ಮೆಕ್ಕೆಜೋಳಕ್ಕೆ ಹೋಯಿತು.

ಹಾಗಾದರೆ ಹಾವೇರಿಯ ಮೆಕ್ಕೆಜೋಳದ ರೈತ ಗೆದ್ದನೇ? ಅದೇ ತಿಂಗಳು ಅವನೂ ಬೀದಿಯಲ್ಲಿದ್ದ. ಬೆಂಬಲ ಬೆಲೆ 2,400, ಮಾರುಕಟ್ಟೆಯಲ್ಲಿ 2,000ಕ್ಕಿಂತಲೂ ಕೆಳಗೆ. ಎಥನಾಲಿಗೆ ದರ ನಿಗದಿ ಮಾಡಿದ ಸರ್ಕಾರ, ಡಿಸ್ಟಿಲರಿಯವರು ಜೋಳವನ್ನು ಎಷ್ಟಕ್ಕೆ ಕೊಳ್ಳಬೇಕು ಎಂದು ಕಟ್ಟುನಿಟ್ಟು ಮಾಡಲಿಲ್ಲ. ಬೆಳೆಯೂ ಭರ್ಜರಿಯಾಗಿತ್ತು. ಸಾಲದ್ದಕ್ಕೆ ಆಹಾರ ನಿಗಮದ ಅಕ್ಕಿಯನ್ನು 2025ರ ಜನವರಿಯಲ್ಲೇ ಕ್ವಿಂಟಲಿಗೆ 2,250 ರೂಪಾಯಿಯಂತೆ ಡಿಸ್ಟಿಲರಿಗಳಿಗೆ ಬಿಟ್ಟಿದ್ದರು. ಆ ದರಕ್ಕೆ ಅಕ್ಕಿಯೇ ಸಿಗುವಾಗ ಜೋಳಕ್ಕೆ 2,400 ಯಾರು ಕೊಡ್ತಾರೆ?