ತಟ್ಟೆಯ ಮೇಲೆ ಯಾರ ಹೆಸರು?

ರಾಕ್ ಅಂಡ್ ರೋಲ್‌ನ ಮೊದಲ ಧ್ವನಿಮುದ್ರಿಕೆ ಯಾವುದು ಎಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. 1947ರ ನ್ಯೂ ಆರ್ಲಿಯನ್ಸ್ ಎನ್ನುವವರಿದ್ದಾರೆ, 1951ರ ಮೆಂಫಿಸ್ ಎನ್ನುವವರಿದ್ದಾರೆ, 1954ರ ನ್ಯೂಯಾರ್ಕ್‌ಗೆ ಅಂಟಿಕೊಂಡವರೂ ಇದ್ದಾರೆ. ಗೊಂದಲಕ್ಕೆ ಸಂಗೀತದಷ್ಟೇ ಕಾರಣ, ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ದುಂಡನೆಯ ಲೇಬಲ್. ನುಡಿಸಿದವರು ಒಬ್ಬರು, ಅಲ್ಲಿ ಹೆಸರು ಬಂದವರು ಇನ್ನೊಬ್ಬರು, ಹಣ ಎಣಿಸಿದವರು ಮತ್ತೊಬ್ಬರು.

ನಿಮಿಷಕ್ಕೆ 78 ಸುತ್ತು ತಿರುಗುವ ಆಗಿನ ತಟ್ಟೆಗಳಿಗೆ ಅರಗು ಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ ಅರಗು ಸಾಗುವುದೇ ಕಷ್ಟವಾಗಿ ಅಮೆರಿಕದಲ್ಲಿ ತಟ್ಟೆಗಳಿಗೆ ಕತ್ತರಿ ಬಿತ್ತು. ಯುದ್ಧ ಮುಗಿಯುತ್ತಲೇ ಸಣ್ಣ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ದೊಡ್ಡ ಕಂಪನಿಗಳು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಕಪ್ಪು ಕಲಾವಿದರೇ ಅವುಗಳ ಬಂಡವಾಳ. 1949ರಲ್ಲಿ ಸಂಗೀತೋದ್ಯಮದ ಪತ್ರಿಕೆ ಬಿಲ್‌ಬೋರ್ಡ್, ಕಪ್ಪು ಕಲಾವಿದರ ಹಾಡುಗಳಿಗೆಂದೇ ಇದ್ದ ‘ರೇಸ್ ರೆಕಾರ್ಡ್ಸ್’ ಪಟ್ಟಿಯನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯಿತು. ಹೆಸರು ಸುಧಾರಿಸಿತು, ಪಟ್ಟಿ ಮಾತ್ರ ಪ್ರತ್ಯೇಕವಾಗಿಯೇ ಉಳಿಯಿತು.

ಕತೆ ಬಿಗಿಯಾಗುವುದು ಮೆಂಫಿಸ್‌ನಲ್ಲಿ. ಯೂನಿಯನ್ ಅವೆನ್ಯೂದ 706ನೇ ನಂಬರಿನ ಪುಟ್ಟ ಸ್ಟುಡಿಯೋವನ್ನು ಸ್ಯಾಮ್ ಫಿಲಿಪ್ಸ್ 1950ರಲ್ಲಿ ತೆರೆದರು. ಮದುವೆಯಿರಲಿ, ಶವಸಂಸ್ಕಾರವಿರಲಿ, ಕರೆದಲ್ಲಿಗೆ ಹೋಗಿ ಧ್ವನಿಮುದ್ರಿಸುವುದು ಅವರ ಹೊಟ್ಟೆಪಾಡು. 1951ರ ಮಾರ್ಚ್‌ನಲ್ಲಿ 19ರ ಹರೆಯದ ಐಕ್ ಟರ್ನರ್ ತಮ್ಮ ತಂಡದೊಂದಿಗೆ ಮಿಸಿಸಿಪಿಯಿಂದ ಅಲ್ಲಿಗೆ ಬಂದರು. ದಾರಿಯಲ್ಲಿ ಗಿಟಾರ್‌ನ ಆಂಪ್ಲಿಫೈಯರ್ ಕೆಟ್ಟಿತ್ತು. ಕಾರಿನ ಮೇಲಿಂದ ಬಿತ್ತು ಎಂದು ಕೆಲವರು, ಮಳೆಯಲ್ಲಿ ನೆನೆಯಿತು ಎಂದು ಕೆಲವರು. ರಿಪೇರಿಗೆ ಪುರುಸೊತ್ತಿರಲಿಲ್ಲ. ಫಿಲಿಪ್ಸ್ ಹರಿದ ಸ್ಪೀಕರ್‌ಗೆ ಕಾಗದ ತುರುಕಿದರು. ಗರಗರ ಸದ್ದು ಹೊರಟಿತು. ಅದನ್ನು ಅಡಗಿಸುವ ಬದಲು ಮುಂದಕ್ಕೇ ತಂದು ಮುದ್ರಿಸಿದರು. ಇಂದಿಗೂ ಆ ಹಾಡಿನಲ್ಲಿ ಮೊದಲು ಕಿವಿಗೆ ಬೀಳುವುದು ಅದೇ ಒರಟುತನ.

ಆ ಹಾಡು ‘ರಾಕೆಟ್ 88’. ತಂಡ ಟರ್ನರ್ ಅವರದು, ಪಿಯಾನೋವೂ ಅವರದು. ಆದರೆ ಷಿಕಾಗೋದ ಚೆಸ್ ಕಂಪನಿಯಿಂದ ತಟ್ಟೆ ಹೊರಬಂದಾಗ ಅದರ ಮೇಲಿದ್ದುದು ಹಾಡಿದ ಸ್ಯಾಕ್ಸೋಫೋನ್ ವಾದಕ ಜಾಕಿ ಬ್ರೆನ್‌ಸ್ಟನ್ ಮತ್ತು ‘ಡೆಲ್ಟಾ ಕ್ಯಾಟ್ಸ್’ ಎಂಬ ಹೆಸರು. ಅಂಥದ್ದೊಂದು ತಂಡವೇ ಇರಲಿಲ್ಲ! ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು. ತಮಾಷೆಯೆಂದರೆ, ‘ಮೊದಲನೆಯದು’ ಎನಿಸಿಕೊಂಡ ಈ ಹಾಡೂ ಜಿಮ್ಮಿ ಲಿಗಿನ್ಸ್ ಅವರ ‘ಕ್ಯಾಡಿಲಾಕ್ ಬೂಗಿ’ಯ ಋಣದಲ್ಲಿದೆ, ಬ್ರೆನ್‌ಸ್ಟನ್ ಅವರೇ ಅದನ್ನು ಮುಚ್ಚಿಡಲಿಲ್ಲ.

ಫಿಲಿಪ್ಸ್ 1952ರಲ್ಲಿ ಸನ್ ಎಂಬ ಸ್ವಂತ ಕಂಪನಿ ಆರಂಭಿಸಿದರು. 1954ರ ಜುಲೈ 5ರಂದು ಅದೇ ಕೋಣೆಯಲ್ಲಿ ಎಲ್ವಿಸ್ ಪ್ರೀಸ್ಲಿ ನಿಧಾನ ಗತಿಯ ಹಾಡುಗಳನ್ನು ಹಾಡಿ ಹಾಡಿ ಸೋತು, ಬಿಡುವಿನಲ್ಲಿ ಕಪ್ಪು ಬ್ಲೂಸ್ ಗಾಯಕ ಆರ್ಥರ್ ಕ್ರುಡಪ್ ಅವರ ‘ದಟ್ಸ್ ಆಲ್ ರೈಟ್’ ಅನ್ನು ಹುಡುಗಾಟಕ್ಕೆ ಎತ್ತಿಕೊಂಡರು. ಎರಡು ಗಿಟಾರ್, ಒಂದು ಬಾಸ್, ಡ್ರಮ್ ಇರಲಿಲ್ಲ. ಮುಂದಿನ ವರ್ಷ ಆರ್‌ಸಿಎ ಕಂಪನಿ ಎಲ್ವಿಸ್ ಅವರ ಒಪ್ಪಂದವನ್ನು 35,000 ಡಾಲರ್‌ಗೆ ಕೊಂಡಿತು. 1946ರಲ್ಲೇ ಆ ಹಾಡನ್ನು ಮುದ್ರಿಸಿದ್ದ ಕ್ರುಡಪ್ ರಾಯಧನಕ್ಕಾಗಿ ಅಲೆದು, ಬರಬೇಕಾದದ್ದು ಕೈಸೇರುವ ಮೊದಲೇ 1974ರಲ್ಲಿ ತೀರಿಕೊಂಡರು. ಯಾರೋ ಒಬ್ಬರ ದುರಾಸೆ ಎಂದು ಇದನ್ನು ಮುಗಿಸಿಬಿಡುವುದು ಸುಲಭ. ಆದರೆ ಹಾಡಿನ ಹಕ್ಕನ್ನು ಒಂದಿಷ್ಟು ನಗದಿಗೆ ಬರೆಸಿಕೊಳ್ಳುವುದು ಆ ವ್ಯಾಪಾರದಲ್ಲಿ ಮಾಮೂಲಾಗಿತ್ತು.

1954ರ ಏಪ್ರಿಲ್‌ನಲ್ಲಿ ಗಾಯಕ ಬಿಲ್ ಹೇಲಿ ನ್ಯೂಯಾರ್ಕ್‌ನಲ್ಲಿ ಮುದ್ರಿಸಿದ ‘ರಾಕ್ ಅರೌಂಡ್ ದ ಕ್ಲಾಕ್’ ಮರುವರ್ಷ ಒಂದು ಸಿನಿಮಾದ ಬಲದಿಂದ ದೇಶವನ್ನೇ ಕುಣಿಸಿತು. ಚಕ್ ಬೆರ್ರಿ ‘ಮೇಬಲೀನ್’ ಮುದ್ರಿಸಿದ್ದು ಅದೇ 1955ರ ಮೇ ತಿಂಗಳಲ್ಲಿ. ತಟ್ಟೆ ಕೈಗೆ ಬಂದಾಗ ಹಾಡಿನ ಕರ್ತೃಗಳ ಸಾಲಿನಲ್ಲಿ ಅವರ ಜೊತೆ ಇನ್ನಿಬ್ಬರ ಹೆಸರಿತ್ತು. ಒಬ್ಬರು ಆ ಹಾಡನ್ನು ರೇಡಿಯೋದಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದ ನಿರೂಪಕ. ಹಾಡು ಪೂರ್ತಿಯಾಗಿ ಬೆರ್ರಿ ಅವರ ಹೆಸರಿಗೆ ಮರಳಿದ್ದು 1986ರಲ್ಲಿ.