ಬಾವಿ ದಹ್ರಾನ್‌ನಲ್ಲಿ, ಹೆಸರು ದಮ್ಮಾಮ್‌ನದು

ಪ್ರಶ್ನೆ: ಮಗನಿಗೆ ಸೌದಿಯ ದಮ್ಮಾಮ್‌ನಲ್ಲಿ ಕೆಲಸ ಸಿಕ್ಕಿದೆ. ಆಫೀಸು ದಹ್ರಾನ್ ಅಂತಾನೆ, ಮನೆ ಖೋಬರ್ ಅಂತಾನೆ. ಇವು ಮೂರು ಊರಾ, ಒಂದೇನಾ? ನೂರು ವರ್ಷದ ಹಿಂದೆ ಅಲ್ಲಿ ಏನೂ ಇರಲಿಲ್ಲವಂತೆ, ನಿಜವಾ?
ಓದುಗರೊಬ್ಬರು, ಜಯನಗರ

ಉತ್ತರ: ಮೂರು ಊರು, ಈಗ ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮ ಪೇಟೆ, ದಂಡು ಬೇರೆ ಬೇರೆ ಇದ್ದು ಆಮೇಲೆ ಬೆಂಗಳೂರು ಆಯಿತಲ್ಲ, ಹಾಗೆ.

ಏನೂ ಇರಲಿಲ್ಲ ಅನ್ನುವುದು ಮುಕ್ಕಾಲು ನಿಜ. ದಮ್ಮಾಮ್, ಖೋಬರ್ ಎರಡೂ ಕಡಲ ದಡದ ಪುಟ್ಟ ಹಳ್ಳಿಗಳು. 1923ರ ಸುಮಾರಿಗೆ ಬಹ್ರೇನ್‌ನಿಂದ ದಾಟಿ ಬಂದ ದವಾಸಿರ್ ಬುಡಕಟ್ಟಿನವರು ಅಲ್ಲಿ ನೆಲೆ ನಿಂತರು. ಮೀನು, ಮುತ್ತು, ಅಷ್ಟೇ ಬದುಕು. ದಹ್ರಾನ್ ಅಂತೂ ಬರೀ ಕಲ್ಲುಗುಡ್ಡ.

1932ರಲ್ಲಿ ಎದುರು ದಡದ ಬಹ್ರೇನ್‌ನಲ್ಲಿ ಎಣ್ಣೆ ಸಿಕ್ಕಿತು. (ನಗಬೇಡಿ, ಆ ಎಣ್ಣೆಯಲ್ಲ.) ಮರುವರ್ಷವೇ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಸೌದಿ ದೊರೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಬಾವಿ ತೋಡಿದ್ದು ದಹ್ರಾನ್ ಗುಡ್ಡದಲ್ಲಿ, ಹೆಸರು ಮಾತ್ರ ದಮ್ಮಾಮ್ 1, ದಮ್ಮಾಮ್ 2. ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ಬೋರ್‌ವೆಲ್ ಹಾಕಿಸಿ ಬರೀ ದೂಳು ನೋಡಿದ ಬೆಂಗಳೂರಿಗರಿಗೆ ಆ ಸಂಕಟ ಗೊತ್ತು. ಭೂವಿಜ್ಞಾನಿ ಮ್ಯಾಕ್ಸ್ ಸ್ಟೈನಿಕಿ ಮಾತ್ರ ಇನ್ನೂ ಆಳಕ್ಕೆ ಹೋಗೋಣ ಅಂತ ಪಟ್ಟು ಹಿಡಿದರು. 1938ರ ಮಾರ್ಚ್‌ನಲ್ಲಿ, ಸುಮಾರು 1,440 ಮೀಟರ್ ಆಳದಲ್ಲಿ, ಏಳನೇ ಬಾವಿ ಕೊಟ್ಟಿತು. ಅದೊಂದೇ ಬಾವಿ 1982ರವರೆಗೆ 3.2 ಕೋಟಿ ಬ್ಯಾರಲ್ ಕೊಟ್ಟಿದೆ.

ಹಾಗಾದರೆ ದೊಡ್ಡ ಊರು ದಹ್ರಾನ್ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಅದು ಕಂಪನಿಯ ಜಾಗ. ಬೇಲಿ ಒಳಗೆ ಅಮೆರಿಕನ್ನರ ಮನೆ, ಹುಲ್ಲುಹಾಸು. ಸೌದಿ ಕೂಲಿಗಳಿಗೆ ಆಚೆ ಗರಿಯ ಗುಡಿಸಲು. ಕೆಜಿಎಫ್‌ನ ಬಂಗಲೆಗಳನ್ನೂ ಕಾರ್ಮಿಕರ ಲೈನುಗಳನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1945ರಲ್ಲಿ, 1953ರಲ್ಲಿ, 1956ರಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಈ ನಡುವೆ, 1950ರ ದಶಕದ ಶುರುವಿನಲ್ಲಿ, ಅಲ್ಲಿನ ಎಣ್ಣೆ ಕಂಪನಿ ಅರಾಮ್ಕೊ ತನ್ನ ಸೌದಿ ನೌಕರರಿಗೆ ಮನೆ ಕಟ್ಟಲು ಸಾಲ ಕೊಡುವ ಯೋಜನೆ ತಂದಿತು. ಮನೆಗಳು ಎದ್ದದ್ದು ದಮ್ಮಾಮ್, ಖೋಬರ್ ಕಡೆ. ನನ್ನ ಲೆಕ್ಕದಲ್ಲಿ ಊರು ಬೆಳೆಸಿದ್ದು ಬಾವಿಗಿಂತ ಜಾಸ್ತಿ ಈ ಸಾಲವೇ.

ಉಳಿದ ಕೆಲಸ ಬಂದರು ಮಾಡಿತು. ಸರಕು ಇಳಿಸಲು ದಮ್ಮಾಮ್‌ನಲ್ಲಿ ಬಂದರು, ಅಲ್ಲಿಂದ ರಿಯಾದ್‌ಗೆ 1951ರಲ್ಲಿ ರೈಲು. ಪ್ರಾಂತ್ಯದ ಸರ್ಕಾರಿ ಕಚೇರಿಗಳೂ ಹೊಫೂಫ್ ಬಿಟ್ಟು ಇಲ್ಲಿಗೇ ಬಂದವು. ಖೋಬರ್ ಅಂಗಡಿಗಳ ಊರಾಯಿತು. 1986ರಲ್ಲಿ ಅಲ್ಲಿಂದ ಬಹ್ರೇನ್‌ಗೆ ಸುಮಾರು 25 ಕಿಲೋಮೀಟರ್ ಉದ್ದದ ಸೇತುವೆ ರಸ್ತೆಯೂ ಬಂತು. ಕುಡಿಯುವ ನೀರು? ಕಾವೇರಿ ಇಲ್ಲ, ಹೆಚ್ಚಾಗಿ ಸಮುದ್ರದ ನೀರಿನ ಉಪ್ಪು ತೆಗೆದದ್ದೇ.

ಮಗ ಇಳಿಯುವ ವಿಮಾನ ನಿಲ್ದಾಣದ ಜಾಗ 776 ಚದರ ಕಿಲೋಮೀಟರ್. 2025ರವರೆಗೆ ಇದ್ದ ನಮ್ಮ ಬಿಬಿಎಂಪಿಯ ವ್ಯಾಪ್ತಿಗಿಂತ ದೊಡ್ಡದು. ಗಾಬರಿ ಬೇಡ, ಅದರಲ್ಲಿ ಬಹುಪಾಲು ಖಾಲಿ ಮರಳು.