ಪದ ಪರಿಚಯ: ನಗ್ನತಾವಾದಿ

ಕುಡಿದ ಮತ್ತಿನಲ್ಲಿ ಯಾರೋ ಬಟ್ಟೆ ಕಿತ್ತೆಸೆದು ಬೀದಿಯಲ್ಲಿ ಓಡಿದರೂ ಸುದ್ದಿಯಲ್ಲಿ ಅವನು ‘ನಗ್ನತಾವಾದಿ’. ಈ ಪದ ಹೀಗೆ ಕಣ್ಣಿಗೆ ಬಿದ್ದದ್ದು ಎಷ್ಟನೇ ಸಲವೋ, ಇನ್ನು ಸುಮ್ನೆ ಇರೋಕೆ ಆಗಲ್ಲ. ನಾನೂ ನಗ್ನತಾವಾದಿಯೇ, ಅಂದರೆ ಒಪ್ಪಿದವರ ಜೊತೆ ಬಟ್ಟೆಯಿಲ್ಲದೆ ಇರುವುದನ್ನು ಬದುಕಿನ ರೀತಿಯಾಗಿ ಒಪ್ಪಿಕೊಂಡವರಲ್ಲಿ ಒಬ್ಬರು. ಇದನ್ನು ಬರೆಯುವಾಗ ಅಂಗಿ ಹಾಕಿಕೊಂಡಿದ್ದೇನೆ, ಚಳಿ ಇದೆ.

ಬಟ್ಟೆಯ ಗುಂಗು ನಮ್ಮ ಮಾತಿನಲ್ಲೇ ಎಷ್ಟು ಸೇರಿಹೋಗಿದೆ ನೋಡಿ. ವಿವಸ್ತ್ರ, ನಿರ್ವಸ್ತ್ರ ಎರಡರಲ್ಲೂ ವಸ್ತ್ರ ಇದೆ, ಕಳೆದುಕೊಂಡ ಲೆಕ್ಕದಲ್ಲಿ. ದಿಗಂಬರನಿಗೆ ದಿಕ್ಕುಗಳೇ ಅಂಬರ, ಅಂದರೆ ಏನೂ ಸಿಗದಿದ್ದಾಗ ದಿಕ್ಕನ್ನಾದರೂ ಉಡಿಸಿಯೇ ಬಿಟ್ಟೆವು. ಹುಟ್ಟುಡುಗೆ ಎಂಬ ಚೆಂದದ ಪದದಲ್ಲೂ ಉಡುಗೆ ನುಸುಳಿದೆ. ಬಟ್ಟೆಯ ಹಂಗಿಲ್ಲದೆ ನಿಂತಿರುವುದು ಬೆತ್ತಲೆ, ನಗ್ನ ಇಂಥ ಒಂದೆರಡು ಪದ. ಸಂಸ್ಕೃತದ ನಗ್ನ, ಇಂಗ್ಲಿಷಿನ ನೇಕೆಡ್, ಲ್ಯಾಟಿನ್ನಿನ ನೂಡುಸ್ ಮೂರೂ ಒಂದೇ ಬೇರಿನವು. ಅಷ್ಟು ಹಳೆಯ ಪದ ಅದು.

ಇನ್ನು ಅಶ್ಲೀಲ. ನಗ್ನ ಅಂದ ಕೂಡಲೇ ಇದನ್ನು ಜೋಡಿಸುವವರು ಜಾಸ್ತಿ. ಮೂಲದಲ್ಲಿ ಅದು ‘ಅಶ್ರೀಲ’, ರಕಾರ ಲಕಾರವಾಗಿದೆ. ಶ್ರೀ ಇಲ್ಲದ್ದು, ಕಳೆ ಇಲ್ಲದ್ದು ಅಂತ ಅರ್ಥ. ಬಟ್ಟೆಯ ಸುದ್ದಿಯೇ ಇಲ್ಲ! ಅಲಂಕಾರಶಾಸ್ತ್ರದವರು ಅಶ್ಲೀಲವನ್ನು ಕಾವ್ಯದ ದೋಷಗಳಲ್ಲಿ ಎಣಿಸಿದರು, ಅಂದರೆ ಮಾತಿನ ದೋಷ. ಆ ಲೆಕ್ಕದಲ್ಲಿ ಮೈತುಂಬ ಉಟ್ಟವನ ಬಾಯಲ್ಲೂ ಅದು ಬೇಕಾದಷ್ಟು ಸಿಗುತ್ತದೆ.

ನೇಚುರಿಸ್ಟ್ ಅಂದರೂ ನಾವೇ. ನ್ಯಾಚುರಲಿಸ್ಟ್ ಬೇರೆ, ಅವರು ಹಕ್ಕಿ, ಗಿಡ ನೋಡುವವರು, ಪಾಪ ಬೂಟು ಹಾಕಿಕೊಂಡೇ ಹೋಗುತ್ತಾರೆ. ನೇಚುರಿಸ್ಟರ ಅಂತರರಾಷ್ಟ್ರೀಯ ಒಕ್ಕೂಟ 1953ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. 1974ರಲ್ಲಿ ಅದು ಒಪ್ಪಿಕೊಂಡ ವಿವರಣೆಯಲ್ಲಿ ಒಟ್ಟಾಗಿ ಬೆತ್ತಲೆ ಇರುವುದರ ಜೊತೆಗೆ ತನ್ನ ಮೇಲೆ, ಇತರರ ಮೇಲೆ, ಪರಿಸರದ ಮೇಲೆ ಗೌರವ ಎಂಬ ಮಾತೂ ಇದೆ. ನಾವು ಸೇರುವ ಕಡೆ ರೂಢಿಯೂ ಇದೆ: ಕೂರುವ ಜಾಗಕ್ಕೆ ಸ್ವಂತ ಟವೆಲ್ ಹಾಸಬೇಕು, ಕೇಳದೆ ಫೋಟೋ ತೆಗೆಯಬಾರದು. ಬೀದಿಯಲ್ಲಿ ಓಡಿದವನು ಯಾರನ್ನು ಕೇಳಿದ್ದ?

ಬಟ್ಟೆಯ ಮೇಲೆ ನಮಗೆ ಸಿಟ್ಟಿಲ್ಲ. ಬಿಸಿಲಿಗೆ, ಮುಳ್ಳಿಗೆ, ಒಲೆಯ ಮುಂದೆ ನಿಂತಾಗ ಬೇಕೇ ಬೇಕು, ಸಿಂಗಾರಕ್ಕೂ ಇರಲಿ. ನಾನು ಒಪ್ಪದ್ದು ‘ಮಾನ ಮುಚ್ಚೋ ಬಟ್ಟೆ’ ಎಂಬ ಮಾತನ್ನು. ಬಟ್ಟೆ ಮುಚ್ಚುವುದು ಮೈಯನ್ನು. ಮಾನ ಚರ್ಮಕ್ಕೇ ಅಂಟಿಕೊಂಡಿದ್ದರೆ ಸ್ನಾನಕ್ಕೆ ಇಳಿದಾಗಲೆಲ್ಲ ತೊಳೆದು ಹೋಗಬೇಕಿತ್ತು, ಅಲ್ವಾ? ಬಟ್ಟೆ ಜೋರಾಗಿ ಹೇಳುವುದು ಅಂತಸ್ತನ್ನು: ಯಾರು ಸಾಹೇಬ, ಯಾರು ಜವಾನ ಅಂತ. ನಾವು ಸೇರುವ ಕಡೆ ಅದು ಗೊತ್ತಾಗುವುದೇ ಇಲ್ಲ. ಬಟ್ಟೆ ಬಿಡದವರನ್ನು ಅಲ್ಲಿ ತಮಾಷೆಗೆ ‘ಟೆಕ್ಸ್‌ಟೈಲ್’ ಅನ್ನುತ್ತಾರೆ, ಬೇಜಾರು ಮಾಡ್ಕೋಬೇಡಿ.

ಹಾಗಾದರೆ ಆ ಓಡಿದವನಿಗೆ ಏನನ್ನಬೇಕು? ‘ಬೆತ್ತಲೆ ಓಡಿದವನು’ ಅಂತ ಬರೆಯಿರಿ. ಅವನಿಗೆ ವಾದ ಏನೂ ಇರಲಿಲ್ಲ.